ಒಂದು ಹೆಚ್ಚು ಕಮ್ಮಿ

"ಮೇಷ್ಟ್ರು ಓಗ್ಬುಟ್ರಂತೆ ಕಣಮ್ಮ" ಎಂದು ಮಳವಳ್ಳಿ ಕಡೆಯಿಂದ ಬರುವ ಸೊಪ್ಪಿನವಳು ಕೀರೆ ಕಟ್ಟು ಕೈಗಿಡುತ್ತಾ ಹೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ. "ಓಗ್ಬುಟ್ರು ಅಲ್ಲ ಕಣೇ, ಹೋಗಿಬಿಟ್ಟರು ಅನ್ನು. ಹ ಎಲ್ಲೋಯ್ತು?" ಅನ್ನೋ ಮಾತು ನಾಲಿಗೆ ತುದಿವರೆಗೂ ಬಂದುಬಿಟ್ಟಿತು. ಥೂ, ನನ್ನ ಬುದ್ಧಿಗಿಷ್ಟು! ಸಾವಿನ ಸುದ್ದಿ ಕೇಳಿ ಅಕ್ಷರ ತಿದ್ದೋಕೆ ಹೊರಟ ಹೆಂಗಸು ಈ ಮಂಡ್ಯ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆ ಸೊಪ್ಪಿನವಳೂ ಅವರ ಹತ್ತಿರ ಓದಿದವಳೇ. ಒಳಗೆ ಬಂದು, ಹೊಸ್ತಿಲ ಮೇಲೆ ಕೂರಬಾರದು ಅನ್ನೋದೂ ಮರೆತು, ಅಡುಗೆಮನೆ ಹೊಸ್ತಿಲ ಮೇಲೆ ಕೂತೆ. ಆಮೇಲೆ ಅಳು ಬಂತು.

ನಮ್ಮೆಜಮಾನರು ಪೇಪರು ಬಿಟ್ಟು ಎದ್ದು ಬಂದರು. "ಯಾರು ಹೋದದ್ದು?"

"ನಮ್ಮ ಮೇಷ್ಟ್ರು."

"ಆತಗೂರಿನ ಸ್ಕೂಲಲ್ಲಿ ಹೊಡೀತಿದ್ದರು ಅಂತಿದ್ದೆಯಲ್ಲ, ಅವರಾ?"

"ಹೂಂ."

"ನಾನು ನಿನ್ನ ಜೊತೆ ಆಫೀಸಿನಲ್ಲಿದ್ದವರು ಅಂದುಕೊಂಡೆ."

"ಅವರೂ ಇವರೇ."

"ಯಾರೋ ಪ್ರೋಗ್ರಾಮರು ಒಬ್ಬರಿದ್ದರು ಅಂತಿದ್ದೆ?"

"ಅವರೂ ಇವರೇ ಕಣ್ರೀ!"

ಪಾಪ, ಅವರ ತಪ್ಪಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿಯೂ ಈ ಮನುಷ್ಯ ಯಾರು ಅಂತ ಗಂಡನಿಗೆ ನೆಟ್ಟಗೆ ಹೇಳೋಕೆ ನನಗಾಗಿಲ್ಲ. ನನಗೇ ನೆಟ್ಟಗೆ ತಿಳಿದಿದ್ದರೆ ತಾನೇ? ಅವರ ಹೆಸರನ್ನು ನಾನು ಯಾವತ್ತೂ ಬಾಯಲ್ಲಿ ಆಡಿದವಳಲ್ಲ, ಇಲ್ಲೂ ಆಡೋಲ್ಲ. ಮೇಷ್ಟ್ರು, ಅಷ್ಟೇ.

ಆತಗೂರಿನ ಮಿಡ್ಲ್ ಸ್ಕೂಲಿನಲ್ಲಿ ಅವರು ನಮಗೆ ಕನ್ನಡಕ್ಕೆ ಬರುತ್ತಿದ್ದರು. ಸಣ್ಣಗೆ, ಉದ್ದಕ್ಕೆ ಇದ್ದರು. ಬಿಳಿ ಪಂಚೆ, ಅರ್ಧ ತೋಳಿನ ಷರ್ಟು, ಜೇಬಿನಲ್ಲಿ ಒಂದು ಪೆನ್ಸಿಲು, ಒಂದು ರಬ್ಬರು. ಪೆನ್ನು ಇಟ್ಟದ್ದು ನಾನು ಕಾಣೆ. "ಪೆನ್ನಲ್ಲಿ ಬರಿಯೋನು ನಾನು ತಪ್ಪೇ ಮಾಡಕಿಲ್ಲ ಅಂದ್ಕಂಡವ್ನೆ ಅಂತ ಅರ್ತ" ಅನ್ನೋರು. ಅವರಿಗಿದ್ದ ಹುಚ್ಚು ಒಂದೇ, ಹಕಾರ. ನಮ್ಮ ಸೀಮೆಯವರ ಬಾಯಲ್ಲಿ ಹಕಾರ ನಿಲ್ಲೋಲ್ಲ ಅನ್ನೋದು ಲೋಕಕ್ಕೇ ಗೊತ್ತು. ಹಾಲು ಆಲಾಗುತ್ತೆ, ಹೂವು ಊವಾಗುತ್ತೆ, ಹಳ್ಳಿ ಅಳ್ಳಿಯಾಗುತ್ತೆ. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಿ, ಅಂಗೈಯನ್ನು ಬಾಯ ಮುಂದೆ ಹಿಡಿಸಿ ಹೇಳಿಸೋರು. ಅಂಗೈಗೆ ಬಿಸಿ ಗಾಳಿ ತಗುಲಿದರೆ ಹ, ಇಲ್ಲದಿದ್ದರೆ ಅ. ಸರಿಯಾಗಿ ಹೇಳಿದವರಿಗೆ "ಸರಿಯಾಗ್ ಏಳ್ದೆ, ಕೂತ್ಕೋ." ತಪ್ಪಿದವರಿಗೆ "ಹ ಎಲ್ಲೋಯ್ತು?" ಎಂದು ಒಂದು ಗದರು. ಅಂಥವರು ಬೆಲ್ ಹೊಡೆಯೋವರೆಗೂ ನಿಂತೇ ಇರಬೇಕು.

ನನ್ನ ಹಣೆಬರಹಕ್ಕೆ ನಮ್ಮೂರು ಹೊಸಹಳ್ಳಿ. ಒಂದೂರಿನ ಹೆಸರಿನಲ್ಲಿ ಎರಡೆರಡು ಹಕಾರ! "ಯಾವೂರಮ್ಮ ನಿಂದು?" ಅಂತ ದಿನಾ ಕೇಳೋರು. "ಒಸಳ್ಳಿ ಸಾ" ಅನ್ನುತ್ತಿದ್ದೆ. "ಹ ಎಲ್ಲೋಯ್ತು?" ನಾನು ನಿಂತಿರುತ್ತಿದ್ದೆ. ಆ ಇಡೀ ವರ್ಷ ನನಗೆ ಒಂದು ದಿನವಾದರೂ "ಕೂತ್ಕೋ" ಅಂದವರಲ್ಲ. ರೇಗಿ ಹೋಗಿ ಒಂದು ದಿನ ಹೇಳಿಯೇಬಿಟ್ಟೆ: "ನಿಮ್ ಬಾಯಲ್ಲೂ ಇಲ್ಲ ಸಾ ಅದು. ಎಲ್ಲಿ ಹೋಯ್ತು ಅನ್ನಬೇಕಲ್ವಾ? ನೀವು ಎಲ್ಲೋಯ್ತು ಅಂತೀರಿ." ಮೇಷ್ಟ್ರು ತಮ್ಮ ಅಂಗೈಯನ್ನೇ ಬಾಯ ಮುಂದೆ ಹಿಡಿದು "ಎಲ್ಲೋಯ್ತು... ಎಲ್ಲೋಯ್ತು..." ಎಂದು ಎರಡು ಸಲ ಮೆಲ್ಲಗೆ ಅಂದುಕೊಂಡರು. ಆಮೇಲೆ ನನಗೆ ಎರಡು ಏಟು ಬಿತ್ತು. ಯಾಕೆ ಹೊಡೆದೆ ಅಂತ ಅವರಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತೆ, ಬೆತ್ತವನ್ನು ಮೇಜಿನ ಮೇಲಿಟ್ಟು ಕಿಟಕಿ ಕಡೆ ನೋಡುತ್ತಾ ನಿಂತುಬಿಟ್ಟರು.

ಇದಾಗಿ ಹತ್ತು ಹನ್ನೊಂದು ವರ್ಷಕ್ಕೆ, ಎಪ್ಪತ್ತರ ದಶಕದ ನಡುವಿನಲ್ಲಿ, ನಾನು ಮಂಡ್ಯದಲ್ಲಿ ಕೆಲಸಕ್ಕಿದ್ದೆ. ರೈಲ್ವೆ ಸ್ಟೇಷನ್ನಿಗೆ ಹತ್ತಿರ ಒಂದು ಮಹಡಿ ಮೇಲಿನ ಆಫೀಸು. ಮದ್ದೂರಿನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ದಿನಾ ರೈಲಿನಲ್ಲಿ ಓಡಾಡುತ್ತಿದ್ದೆ. ಊರಿನಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರು, ಮನೆ ನಡೆಯುತ್ತಿದ್ದದ್ದು ನನ್ನ ಕೆಲಸದಿಂದ. ಆ ಕೆಲಸವೂ ಟೆಂಪರವರಿ.

ಆಫೀಸಿನದು ಕಬ್ಬಿನ ಸರದಿಯ ಕೆಲಸ. ಕಬ್ಬು ಎಲ್ಲರದ್ದನ್ನೂ ಒಂದೇ ದಿನ ಕಡಿದು ಅರೆಯೋಕಾಗುತ್ತಾ? ಯಾರು ಮೊದಲು ನಾಟಿ ಮಾಡಿದ್ದರೋ ಅವರ ಕಬ್ಬು ಮೊದಲು. ಅದಕ್ಕೊಂದು ಚೀಟಿ. ಚೀಟಿ ತಡವಾದರೆ ಕಬ್ಬು ನಿಂತಲ್ಲೇ ಒಣಗುತ್ತೆ. ಸರದಿ ಪಟ್ಟಿಯನ್ನು ಕೈಯಲ್ಲಿ ಬರೆಯುವಾಗ ಬೇಕಾದವರು ಮೇಲಕ್ಕೆ, ಬೇಡದವರು ಕೆಳಕ್ಕೆ ಹೋಗೋದು ಇದ್ದೇ ಇತ್ತು. ಅದಕ್ಕೇ ಈ ಸಲ ಕಂಪ್ಯೂಟರಿನಲ್ಲಿ ಪಟ್ಟಿ ಮಾಡಿಸೋದು ಅಂತ ಬೆಂಗಳೂರಿನಿಂದ ಒಬ್ಬ ಎಳೇ ಸಾಹೇಬರನ್ನು ಕಳಿಸಿದ್ದರು. ಕಂಪ್ಯೂಟರು ಅಂದರೆ ಮಂಡ್ಯದಲ್ಲಿತ್ತು ಅಂದುಕೊಳ್ಳಬೇಡಿ. ಅದಿದ್ದದ್ದು ಬೆಂಗಳೂರಿನಲ್ಲಿ, ಯಾವುದೋ ದೊಡ್ಡ ಸಂಸ್ಥೆಯಲ್ಲಿ. ವಾರಕ್ಕೊಮ್ಮೆ, ಗುರುವಾರ, ಒಂದು ಗಂಟೆ ಹೊತ್ತು ಮಾತ್ರ ನಮಗೆ. ಇಲ್ಲಿ ನಾನು ಕೀಲಿ ಒತ್ತಿ ಗಟ್ಟಿ ಕಾಗದದ ಕಾರ್ಡುಗಳಲ್ಲಿ ತೂತು ಹೊಡೆಯಬೇಕು, ಸಾಹೇಬರು ಆ ಕಾರ್ಡುಗಳನ್ನು ಡಬ್ಬದಲ್ಲಿ ತುಂಬಿಕೊಂಡು ಬೆಳಗಿನ ಬಸ್ಸಿಗೆ ಹೋಗಬೇಕು, ಶುಕ್ರವಾರ ಉತ್ತರದ ಕಾಗದ ತರಬೇಕು. ಆ ಮಿಷನ್ನನ್ನು ನಾನೂ ಕಂಡವಳಲ್ಲ. ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಹುಡುಗಿ ಎರಡು ಕಾರ್ಡು ತಪ್ಪು ಹೊಡೆದಳು ಅಂತ ಮನೆಗೆ ಕಳಿಸಿದ್ದರು. ಅದು ನನಗೆ ಪ್ರತಿ ದಿನ ನೆನಪಿರುತ್ತಿತ್ತು.

ಬೇಸಿಗೆ ರಜೆಯಲ್ಲಿ, ರೈತರ ಹೆಸರುಗಳನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದುಕೊಡೋಕೆ ಒಳ್ಳೇ ಕೈಬರಹದ ಮೇಷ್ಟ್ರುಗಳು ಬೇಕು ಅಂತ ನಾಲ್ಕು ಜನರನ್ನು ಕರೆಸಿದರು. ಮೆಟ್ಟಿಲು ಹತ್ತಿ ಬಂದವರಲ್ಲಿ ಒಬ್ಬರು ಇವರು. ಆಗ ಅವರಿಗೆ ಮಳವಳ್ಳಿ ಸ್ಕೂಲಿಗೆ ವರ್ಗವಾಗಿತ್ತು. ನಾನು ದಡಕ್ಕನೆ ಎದ್ದು ನಿಂತೆ. ಅವರು ಕಣ್ಣು ಕಿರಿದು ಮಾಡಿ ನೋಡಿ "ನೀನು ಒಸಳ್ಳಿ ಮಗ ಅಲ್ವೇನಮ್ಮ?" ಅಂದರು. ನಾನು ತುಟಿ ಕಚ್ಚಿಕೊಂಡೆ.

ಜೂನಿನಲ್ಲಿ ಮೂವರು ಹೊರಟುಹೋದರು. ಇವರು ಹೋಗಲಿಲ್ಲ. ಆದದ್ದಿಷ್ಟು: ಸಾಹೇಬರ ಮೇಜಿನ ಮೇಲೆ ಚೌಕುಳಿ ಹಾಳೆಗಳಿದ್ದವು, ಒಂದೊಂದು ಮನೆಗೆ ಒಂದೊಂದೇ ಅಕ್ಷರ. "ಇದೇನ್ ಸಾ?" ಅಂದರು ಮೇಷ್ಟ್ರು. "ಪ್ರೋಗ್ರಾಮು. ಮಿಷನ್ ಏನು ಮಾಡಬೇಕು ಅಂತ ಅದಕ್ಕೆ ಬರೆದು ಹೇಳೋದು" ಅಂದು ಸಾಹೇಬರು ತಮಾಷೆಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೈಗೆ ಕೊಟ್ಟರು. ಹತ್ತು ದಿನಕ್ಕೆ ಮೇಷ್ಟ್ರು ನಿಘಂಟು ಹಿಡಿದು ಅದನ್ನೋದಿ, ಪೆನ್ಸಿಲಿನಲ್ಲಿ ಒಂದು ಹಾಳೆ ಬರೆದುಕೊಂಡು ಬಂದರು. ಮೂರು ಜನ ರೈತರ ನಾಟಿ ತಾರೀಖು ಕೊಟ್ಟರೆ ಯಾರು ಮೊದಲು ಅಂತ ಹೇಳೋ ಹಾಳೆ. ಸಾಹೇಬರು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಓದಿದರು. "ಮೇಷ್ಟ್ರೇ, ಇದನ್ನ ಯಾರ ಹತ್ರ ಬರೆಸಿದ್ರಿ?" ಅಂದರು.

ಹೀಗೆ ನಲವತ್ತೆರಡನೇ ವಯಸ್ಸಿನಲ್ಲಿ, ಸಂಬಳವಿಲ್ಲದ ಒಂದು ವರ್ಷದ ರಜೆ ಹಾಕಿ, ನಮ್ಮ ಮೇಷ್ಟ್ರು ಪ್ರೋಗ್ರಾಮು ಬರೆಯೋಕೆ ಕೂತರು. ಇಲ್ಲಿ ಕೈಗೆ ಸಿಗುತ್ತಿದ್ದದ್ದು ಬಸ್ ಚಾರ್ಜಿಗೂ ಊಟಕ್ಕೂ ಸಾಕಾಗುವಷ್ಟು. ಕೆಲಸ ಸರಿಹೋದರೆ ಇಲ್ಲೇ ಖಾಯಂ ಮಾಡಿಸುತ್ತೇನೆ ಅಂತ ಸಾಹೇಬರು ಮಾತು ಕೊಟ್ಟಿದ್ದರು.

ಆಗಿನ ಕಾಲಕ್ಕೆ ನಮ್ಮ ಕಡೆ ಪ್ರೋಗ್ರಾಂ ಅಂದರೆ ಒಂದೇ ಅರ್ಥ: ಚಪ್ಪರ, ಪೆಟ್ರೋಮ್ಯಾಕ್ಸು, ಹಾರ್ಮೋನಿಯಂ. ಮಳವಳ್ಳಿಯಿಂದ ಬರೋ ಬಸ್ಸಿನಲ್ಲಿ ಮೇಷ್ಟ್ರು ಮಡಿಲಲ್ಲಿ ಹಾಳೆ ಹರಡಿಕೊಂಡಿದ್ದರೆ ಭಾರತೀನಗರದಲ್ಲಿ ಹತ್ತಿದವರು ಕೇಳೋರು: "ಏನ್ ಮೇಷ್ಟ್ರೆ ಬರೀತಿದೀರಿ?"

"ಪ್ರೋಗ್ರಾಮು ಕಣಪ್ಪ."

"ಅಂಗಾ! ಯಾವೂರಲ್ಲಿ? ಆರ್ಮೋನಿಯಂ ಯಾರ್ದು?"

ಇದನ್ನು ಅವರು ಬಂದು ನನಗೆ ಹೇಳಿ ನಗೋರು. ಆದರೆ ಇದರಲ್ಲಿ ನಿಮಗೇನು ಸಿಗುತ್ತೆ ಸಾ, ಖಾಯಂ ಕೆಲಸ ಬಿಟ್ಟು ಯಾಕೆ ಬಂದಿರಿ ಅಂತ ಕೇಳಿದರೆ ದಿನಕ್ಕೊಂದು ಹೇಳೋರು. ಒಂದು ದಿನ: "ಇಪ್ಪತ್ತು ವರ್ಸ ಉಡುಗ್ರಿಗೆ ಏಳ್ದೆ ಕಣಮ್ಮ. ಏಳ್ದಂಗೆ ಒಬ್ನೂ ಕೇಳ್ನಿಲ್ಲ. ಇದು ಏಳ್ದಂಗೇ ಕೇಳ್ತದೆ." ಇನ್ನೊಂದು ದಿನ: "ಅಲ್ಲಿ ತಪ್ಪಾದ್ರೆ ಉಡುಗ್ರಿಗೆ ಒಡೀತಿದ್ದೆ. ಇಲ್ಲಿ ತಪ್ಪಾದ್ರೆ ನಂದೇ. ಮಿಸನ್ನಿಗೆ ಒಡಿಯಕಾಯ್ತದಾ?" ಇದು ಖುಷಿಗೆ ಹೇಳಿದ್ದೋ ದುಃಖಕ್ಕೆ ಹೇಳಿದ್ದೋ ನನಗೆ ಹತ್ತಲಿಲ್ಲ. ಹೊಡೆದ ಕೈ ಅದು, ಹೊಡೆಸಿಕೊಂಡವಳು ಎದುರಿಗೆ ಕೂತಿದ್ದೆ.

ಮೊದಮೊದಲು ಅವರು ಓದೋರು, ನಾನು ಕೇಳಿಕೊಂಡು ಕೀಲಿ ಒತ್ತುತ್ತಿದ್ದೆ. ಅದು ಎರಡೇ ದಿನಕ್ಕೆ ನಿಂತಿತು. "ಏಳು" ಅನ್ನೋರು. ಅದು ಎಂಟರ ಹಿಂದಿನ ಏಳೋ, ಹೇಳು ಅಂತಲೋ, ಎದ್ದೇಳು ಅಂತಲೋ? ಒಂದು ಸಲ ನಾನು ನಿಜವಾಗಿಯೂ ಎದ್ದು ನಿಂತೆ. ಇಬ್ಬರಿಗೂ ತಲೆ ಚಿಟ್ಟು ಹಿಡಿದು, "ನೀನು ಆಳೆ ನೋಡ್ಕಂಡೇ ಒಡಿ" ಅಂದರು. ಅಂದಿನಿಂದ ಹಾಳೆ ನೋಡಿಯೇ ಹೊಡೆಯುತ್ತಿದ್ದೆ.

ಈಗ ಹಕಾರದ ಕಥೆಗೆ ಬರಬೇಕು. ಪಟ್ಟಿಯಲ್ಲಿ ಪ್ರತಿ ಊರಿನ ಹೆಸರೂ ತಲೆಬರಹವಾಗಿ ಅಚ್ಚಾಗಬೇಕು. ಮಿಷನ್ನು ಸುಮ್ಮನೆ ಹೆಸರು ಕೊಟ್ಟರೆ ಅಚ್ಚು ಮಾಡೋಲ್ಲ. ಹೆಸರಿನಲ್ಲಿ ಎಷ್ಟು ಅಕ್ಷರ ಅಂತ ಎಣಿಸಿ ಮೊದಲು ಆ ಅಂಕಿ, ಅದರ ಪಕ್ಕ ಇಂಗ್ಲಿಷಿನ ಹೆಚ್ ಅಕ್ಷರ, ಆಮೇಲೆ ಹೆಸರು, ಕೊನೆಗೆ ಬ್ರಾಕೆಟ್ಟು. ಬೇರೆ ಅಕ್ಷರ ಆಗೋಲ್ಲ, ಹೆಚ್ಚೇ ಆಗಬೇಕು. ಇದನ್ನೋದಿದ ದಿನ ಮೇಷ್ಟ್ರ ಮುಖ ನೋಡಬೇಕಿತ್ತು, ಮಗಳಿಗೆ ಗಂಡು ಗೊತ್ತಾದವರ ಹಾಗೆ ಅರಳಿತ್ತು. "ನೋಡ್ದಾ? ನೋಡ್ದಾ? ಮಿಸನ್ನಿಗೂ ಹ ಬೇಕು ಕಣಮ್ಮ!"

ಅಷ್ಟಾದರೂ ಅಭ್ಯಾಸ ಎಲ್ಲಿ ಹೋಗುತ್ತೆ? ಹಕಾರ ಬಿಟ್ಟುಹೋದೀತು ಅನ್ನೋ ಭಯಕ್ಕೆ ನಮ್ಮ ಕಡೆಯವರು ಬೇಡದ ಕಡೆ ಹಕಾರ ಹಾಕೋದೂ ಉಂಟು, ಅನ್ನಕ್ಕೆ ಹನ್ನ ಅನ್ನೋವಷ್ಟು. ಮೇಷ್ಟ್ರು ಆತಗೂರಿಗೆ ಹಾತಗೂರು ಅಂತ ಬರೆದಿದ್ದರು. ಹಾಳೆ ತೋರಿಸಿ "ಸಾ, ಇಲ್ಲೊಂದು ಹೆಚ್ಚು ಹೆಚ್ಚಾಗಿದೆ" ಅಂದೆ. ನಾಲಿಗೆ ಕಚ್ಚಿಕೊಂಡು ರಬ್ಬರಿನಲ್ಲಿ ಉಜ್ಜಿದರು. "ಇನ್ಮುಂದೆ ಎಲ್ಲಾರ ಎಚ್ಚಿಗೆ ಕಂಡ್ರೆ ನೀನೇ ತೆಗುದ್ಬುಡು. ನನ್ನೇನ್ ಕೇಳೋದು" ಅಂದರು.

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿಲ್ಲ.

ಕಬ್ಬು ಅರೆಯೋ ಕಾಲ ಹತ್ತಿರ ಬಂತು. ಮೇಷ್ಟ್ರ ರಜೆಯೂ ಮುಗಿಯುತ್ತಾ ಬಂತು. ಒಂದು ದಿನ ಅವರ ಮನೆಯವರು ಮಳವಳ್ಳಿಯಿಂದ ಬಂದು ಮೆಟ್ಟಿಲ ಮೇಲೆ ಕೂತಿದ್ದರು. ಮೇಷ್ಟ್ರು ಊಟಕ್ಕೆ ಹೋಗಿದ್ದರು. ಆಕೆ ನನ್ನ ಕೈ ಹಿಡಿದುಕೊಂಡು ಕೇಳಿದರು: "ಅಲ್ಲ ಕಣವ್ವ, ನಮ್ಮೋರು ಇಲ್ಲಿ ಏನ್ ಮಾಡ್ತರೆ? ಮನೇಲಿ ಕೇಳುದ್ರೆ ಮಿಸನ್ನಿಗೆ ಕಾಗ್ದ ಬರೀತೀನಿ ಅಂತರೆ. ಮಿಸನ್ನಿಗೆ ಯಾರಾರ ಕಾಗ್ದ ಬರದರಾ? ಇವ್ರಿಗೇನಾರ ತಲೆ ಗಿಲೆ..."

"ಅಯ್ಯೋ, ಹಂಗೇನಿಲ್ಲ ಅಮ್ಮ. ಚೆನ್ನಾಗೇ ಇದ್ದಾರೆ."

"ಸ್ಕೂಲಿಂದ ಓಲೆ ಬಂದದೆ. ಒಂದನೇ ತಾರೀಕ್ಗೆ ಬರ್ಬೇಕಂತೆ, ಇಲ್ದಿದ್ರೆ ಎಸ್ರು ಒಡ್ದಾಕ್ತೀವಿ ಅಂತ ಬರ್ದವ್ರೆ. ಇವ್ರು ಅದ್ನ ಓದಿ ಸೂರಲ್ಲಿ ಸಿಗಾಕವ್ರೆ. ನೀನಾರ ಏಳವ್ವ."

ನಾನು ಸಾಹೇಬರಿಗೆ ಹೇಳಿದೆ. ಸಾಹೇಬರು ಕ್ಯಾಲೆಂಡರು ನೋಡಿದರು. ತಿಂಗಳಿಗೆ ಉಳಿದಿದ್ದದ್ದು ಮೂರು ಗುರುವಾರ. ನಮಗೆ ಒಪ್ಪಿಸಿದ್ದ ಏಳು ಊರಿನ ಪಟ್ಟಿ ಅಷ್ಟರಲ್ಲಿ ಸರಿಯಾಗಿ ಬಂದರೆ ಮೇಷ್ಟ್ರು ಇಲ್ಲಿ ಖಾಯಂ, ಬರದಿದ್ದರೆ ಒಂದನೇ ತಾರೀಕು ಮಳವಳ್ಳಿ. ಮೇಷ್ಟ್ರು ತಲೆಯಾಡಿಸಿ ಪೆನ್ಸಿಲು ಕೆತ್ತಿಕೊಂಡರು.

ಆ ಏಳು ಊರಿನಲ್ಲಿ ಹಕಾರದಿಂದ ಶುರುವಾಗೋದು ನಮ್ಮೂರೊಂದೇ.

ಮೊದಲ ಗುರುವಾರ ಡಬ್ಬ ಹೋಯಿತು. ಶುಕ್ರವಾರ ಉತ್ತರ ಬಂತು: ಮುಚ್ಚೋ ಬ್ರಾಕೆಟ್ಟು ಇಲ್ಲ, ಅದಕ್ಕೆ ಕೆಲಸ ಮಾಡೋಲ್ಲ. ಯಾವ ಸಾಲಿನಲ್ಲಿ ಅಂತ ನೋಡಿದರೆ ನಮ್ಮೂರಿನ ಸಾಲು. ಕಾರ್ಡು ತೆಗೆದು, ತೂತುಗಳ ಮೇಲೆ ಅಂಚಿನಲ್ಲಿ ಅಚ್ಚಾಗಿದ್ದ ಅಕ್ಷರ ನೋಡಿದೆವು. ಕೊನೆಯಲ್ಲಿ ಬ್ರಾಕೆಟ್ಟು ಕಲ್ಲುಗುಂಡಿನ ಹಾಗೆ ಕೂತಿದೆ! ಸಾಹೇಬರು ನೋಡಿದರು, ಇದೆ. ಮೇಷ್ಟ್ರು ನೋಡಿದರು, ಇದೆ. "ಅದೆಯಲ್ಲಪ್ಪ!" ಅಂತ ಮೇಷ್ಟ್ರು ಆ ಕಾಗದಕ್ಕೇ ಹೇಳಿದರು. ತೂತು ಸರಿಯಾಗಿ ಬಿದ್ದಿಲ್ಲವೇನೋ ಅಂತ ಅದನ್ನೇ ನೋಡಿಕೊಂಡು ಹೊಸ ಕಾರ್ಡು ಹೊಡೆದೆ. ಎರಡನೇ ಗುರುವಾರ ಹೋಯಿತು. ಶುಕ್ರವಾರ ಮತ್ತೆ ಅದೇ ಮಾತು: ಬ್ರಾಕೆಟ್ಟು ಇಲ್ಲ. ಇರೋದನ್ನು ಇಲ್ಲ ಅಂತ ಹೇಳೋ ಮಿಷನ್ನಿಗೆ ಏನು ಹೇಳೋದು? ಮೇಷ್ಟ್ರು ಊಟ ಬಿಟ್ಟರು. ಬಸ್ಸಿನಲ್ಲಿ ಹಾಳೆ ತೆಗೆಯೋದನ್ನೂ ಬಿಟ್ಟರಂತೆ. "ಏಳ್ದಂಗೆ ಕೇಳ್ತದೆ ಅಂದ್ಕಂಡಿದ್ದೆ. ಇದೂ ಉಡುಗ್ರಂಗೇ" ಅಂದರು.

ಮೂರನೇ ಗುರುವಾರದ ಹಿಂದಿನ ದಿನ ಮಧ್ಯಾಹ್ನ ಒಬ್ಬ ರೈತ ಮೆಟ್ಟಿಲು ಹತ್ತಿ ಬಂದ. ಹೆಗಲ ಮೇಲೆ ಟವೆಲು, ಮೊಣಕಾಲವರೆಗೂ ಒಣಗಿದ ಕೆಸರು.

"ನಮ್ದು ಚೀಟಿ ಎಂದಿಗ್ ಬತ್ತದೆ ಸಾ? ಕಬ್ಬು ಊ ಬುಟ್ಟದೆ. ಇಂಗೇ ಬುಟ್ರೆ ಸೌದೆ ಆಯ್ತದೆ."

"ಯಾವೂರಯ್ಯ?" ಅಂದರು ಮೇಷ್ಟ್ರು, ತಲೆಯೆತ್ತದೆ.

"ಒಸಳ್ಳಿ ಸಾ."

ಇಪ್ಪತ್ತು ವರ್ಷದ ಅಭ್ಯಾಸ. ಬೆತ್ತವಿಲ್ಲದ ಕೈ ಮೇಲೆದ್ದೇಬಿಟ್ಟಿತು. "ಹೊಸಹಳ್ಳಿ ಅನ್ನಯ್ಯ! ಹ ಎಲ್ಲೋಯ್ತು?"

ಅಂದವರು ಹಾಗೇ ನಿಂತರು. ಎತ್ತಿದ ಕೈಯ ಬೆರಳುಗಳನ್ನೇ ನೋಡಿಕೊಂಡರು. ಒಂದೊಂದೇ ಮಡಿಸುತ್ತಾ ಇಂಗ್ಲಿಷಿನಲ್ಲಿ ಹೊಸಹಳ್ಳಿಯ ಅಕ್ಷರ ಎಣಿಸಿದರು. ಒಂಬತ್ತು. ಕಾರ್ಡು ತೆಗೆದುಕೊಂಡರು. ಅಂಕಿ ಒಂಬತ್ತು, ಪಕ್ಕದಲ್ಲಿ ಹೆಚ್ಚು. ಅದರ ಪಕ್ಕ ಹೊಸಹಳ್ಳಿಯ ಹೆಚ್ಚು ಇರಬೇಕಿತ್ತು. ಇರಲಿಲ್ಲ. ಕಾರ್ಡಿನ ಮೇಲಿದ್ದದ್ದು ಒಸಹಳ್ಳಿ, ಎಂಟೇ ಅಕ್ಷರ. ಒಂಬತ್ತು ಅಂತ ಹೇಳಿದ್ದಾರಲ್ಲ ಅಂತ ಮಿಷನ್ನು ಪಕ್ಕದಲ್ಲಿದ್ದ ಬ್ರಾಕೆಟ್ಟನ್ನೂ ಹೆಸರಿಗೇ ಸೇರಿಸಿ ನುಂಗಿಕೊಂಡಿತ್ತು. ಹೇಳಿದ ಹಾಗೇ ಕೇಳಿತ್ತು.

ಅಷ್ಟರಲ್ಲಿ ನನಗೂ ಹೊಳೆದಿತ್ತು. ಹಾಳೆಯಲ್ಲಿ ಎರಡು ಹೆಚ್ಚು ಪಕ್ಕಪಕ್ಕ ಇದ್ದವು. ಅದನ್ನು ನೋಡಿ ನಾನು, ಮೇಷ್ಟ್ರದ್ದು ಮತ್ತೆ ಹೆಚ್ಚಾಯಿತು, ಹಾತಗೂರಿನ ಹಾಗೆ, ಅಂತ ಒಂದನ್ನು ತೆಗೆದಿದ್ದೆ. ಕೇಳಿರಲಿಲ್ಲ. ಕೇಳಬೇಡ ಅಂದಿದ್ದರಲ್ಲ! ನಮ್ಮೂರಿನ ಹಕಾರವನ್ನು, ಅದಕ್ಕೋಸ್ಕರ ಒಂದು ವರ್ಷ ನಿಂತಿದ್ದ ಹಕಾರವನ್ನು, ನನ್ನ ಕೈಯಾರೆ ನಾನೇ ತೆಗೆದಿದ್ದೆ.

ಮೇಷ್ಟ್ರು ಹಾಳೆ ತೆಗೆದು ನೋಡಿದರು. ಅದರಲ್ಲಿ ಎರಡೂ ಇದ್ದವು, ಗುಂಡಗೆ, ಅಚ್ಚುಕಟ್ಟಾಗಿ. ಆಮೇಲೆ ನನ್ನ ಮುಖ ನೋಡಿದರು.

ಒಳಗಿನ ಕೋಣೆಯಿಂದ ಸಾಹೇಬರು ಬಂದರು. "ಸಿಕ್ತಾ ಮೇಷ್ಟ್ರೇ? ಏನದು? ಶೀಟ್ ತಪ್ಪಾ, ಪಂಚಿಂಗ್ ತಪ್ಪಾ?"

ಅಪ್ಪನ ಹಾಸಿಗೆ ಕಣ್ಣಮುಂದೆ ಬಂತು, ಆ ಕಳಿಸಿಬಿಟ್ಟ ಹುಡುಗಿ ಬಂದಳು.

"ನೋಡ್ತೀನಿ ತಾಳಿ ಸಾ. ಇಲ್ಲಿ ಬೆಳಕಿಲ್ಲ" ಎಂದು ಮೇಷ್ಟ್ರು ಹಾಳೆ ಹಿಡಿದು ಕಿಟಕಿ ಕಡೆ ತಿರುಗಿದರು. ಸಾಹೇಬರಿಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನನಗೆ ಪಕ್ಕದಿಂದ ಕೈ ಕಾಣುತ್ತಿತ್ತು. ಜೇಬಿನಿಂದ ರಬ್ಬರು ಬಂತು. ಎರಡು ಸಲ ಉಜ್ಜಿದರು, ಪುಡಿಯನ್ನು ಊದಿದರು, ರಬ್ಬರು ಜೇಬಿಗೆ ಹೋಯಿತು. ತಿರುಗಿ ಹಾಳೆಯನ್ನು ಸಾಹೇಬರ ಮುಂದಿಟ್ಟರು.

"ಸೀಟೇ ತಪ್ಪು ಸಾ. ನಾನೇ ಒಂದ್ ಎಚ್ಚು ಕಮ್ಮಿ ಬರ್ದಿದೀನಿ."

"ಅಯ್ಯೋ, ಇಲ್ಲಿ ಮನೇನೇ ಖಾಲಿ ಬಿಟ್ಟಿದ್ದೀರಲ್ರೀ!" ಅಂದರು ಸಾಹೇಬರು. "ಇಷ್ಟಕ್ಕೆ ಎರಡು ಗುರುವಾರ ಹೋಯ್ತಾ?"

ನಾನು ಬಾಯಿ ಬಿಡಲಿಲ್ಲ. ಬರೀಬೇಕು ಅಂತ ಕೂತ ಮೇಲೆ ಇದನ್ನೂ ಬರೆಯಬೇಕು. ನನಗೆ ಬಾಯಿತ್ತು, ಮೇಷ್ಟ್ರಿಗೇ ಎದುರು ಮಾತಾಡಿದ ಬಾಯಿ, ಅದನ್ನು ಬಿಡಲಿಲ್ಲ. ರೈತ ಪಾಪ ಏನೂ ತಿಳಿಯದೆ "ಅಂಗಾರೆ ನಂ ಚೀಟಿ?" ಅಂದ. "ಬತ್ತದೆ ಓಗಪ್ಪ" ಅಂದರು ಮೇಷ್ಟ್ರು.

ಎರಡು ಹೆಚ್ಚು ಹಾಕಿ ಕಾರ್ಡು ಹೊಡೆದುಕೊಟ್ಟೆ. ಮೂರನೇ ಶುಕ್ರವಾರ ಪಟ್ಟಿ ಬಂತು, ಅಗಲವಾದ ಕಾಗದದಲ್ಲಿ, ಏಳೂ ಊರು, ಒಬ್ಬರ ಹೆಸರೂ ಹಿಂದುಮುಂದಾಗದೆ. ನಮ್ಮ ಮೇಷ್ಟ್ರ ಕಣ್ಣು ತುಂಬಿತ್ತು. ಸಾಹೇಬರು ಕೈಕುಲುಕಿದರು. ಆ ಎರಡು ದಿನ ಎಲ್ಲಾ ಸರಿಹೋಯಿತು ಅಂತಲೇ ನಾನು ಅಂದುಕೊಂಡಿದ್ದೆ.

ಸೋಮವಾರ ಸಾಹೇಬರು ಇಳಿದ ಮುಖ ಹೊತ್ತುಕೊಂಡು ಬಂದರು. ಮೇಲಿನವರು ಎರಡು ಗುರುವಾರ ದಂಡವಾದದ್ದು ಯಾರ ತಪ್ಪಿನಿಂದ ಅಂತ ಬರೆದು ಕೊಡಿ ಅಂದರಂತೆ. ಪ್ರೋಗ್ರಾಮು ಬರೆದವರು ಅಕ್ಷರ ಬಿಟ್ಟಿದ್ದರು ಅಂತ ಸಾಹೇಬರು ಬರೆದುಕೊಟ್ಟರಂತೆ. ತಮ್ಮ ಹಾಳೆಯಲ್ಲೇ ಅಕ್ಷರ ಬಿಡೋ, ಡಿಗ್ರಿ ಇಲ್ಲದ, ನಲವತ್ತು ದಾಟಿದ ಪ್ರೈಮರಿ ಮೇಷ್ಟ್ರು ನಮಗೆ ಬೇಡ ಅಂದರಂತೆ ಮೇಲಿನವರು. "ನಾನು ಬಹಳ ಹೇಳಿದೆ ಮೇಷ್ಟ್ರೇ" ಅಂದರು ಸಾಹೇಬರು. ಹೇಳಿದ್ದರು ಅಂತಲೇ ನಾನು ನಂಬಿದ್ದೇನೆ.

ಮೇಷ್ಟ್ರು ಪೆನ್ಸಿಲು, ನಿಘಂಟು ಚೀಲಕ್ಕೆ ಹಾಕಿಕೊಂಡರು. ದಪ್ಪ ಪುಸ್ತಕವನ್ನು ಸಾಹೇಬರಿಗೆ ಒಪ್ಪಿಸಿದರು. ಮೆಟ್ಟಿಲ ಹತ್ತಿರ ನಿಂತು, "ಮಿಸನ್ನು ಎಂಗದೆ ಅಂತ ಒಂದ್ಕಿತ ನೋಡ್ಲೇ ಇಲ್ಲ ಕಣಮ್ಮ" ಅಂದರು. ಇಳಿದು ಹೋದರು. ಒಂದನೇ ತಾರೀಕು ಮಳವಳ್ಳಿ ಸ್ಕೂಲಿನಲ್ಲಿ ಹಾಜರಾದರು ಅಂತ ಆಮೇಲೆ ತಿಳಿಯಿತು.

ನನ್ನ ಕೆಲಸ ಖಾಯಂ ಆಯಿತು. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಪಟ್ಟಿ ಬಂದದ್ದು ಮೇಷ್ಟ್ರ ಪ್ರೋಗ್ರಾಮಿನಿಂದಲೇ. ನಮ್ಮೂರಿನ ಕಾರ್ಡು ಸವೆದಾಗಲೆಲ್ಲ ನಾನೇ ಹೊಸದು ಹೊಡೆಯುತ್ತಿದ್ದೆ. ಪ್ರತಿ ಸಲವೂ ತಲೆಯೊಳಗೆ ಅದೇ ಗೊಂದಲ. ಅವರು ನನಗೋಸ್ಕರ ಉಜ್ಜಿದರಾ? ಅಥವಾ "ತೆಗುದ್ಬುಡು" ಅಂದದ್ದು ತಾವೇ, ಹಾಗಾಗಿ ತಪ್ಪೂ ತಮ್ಮದೇ ಅಂತ ಲೆಕ್ಕ ಹಾಕಿದರಾ? ಇಲ್ಲಾ, ಯಾವತ್ತೋ ಹೊಡೆದ ಆ ಎರಡು ಏಟು ನೆನಪಾಯಿತಾ? ಇಷ್ಟೆಲ್ಲ ಆಗುತ್ತೆ ಅಂತ ಗೊತ್ತಿದ್ದೇ ಉಜ್ಜಿದರಾ, ಗೊತ್ತಿಲ್ಲದೆಯಾ? ಹೋಗಿ ಕೇಳಬೇಕು ಅಂದುಕೊಂಡು ಅಂದುಕೊಂಡು ಎರಡು ವರ್ಷ ದೂಡಿದೆ. ಹೇಡಿ ನಾನು.

ಕೊನೆಗೆ ಒಂದು ಮದುವೆಗೆ ಮಳವಳ್ಳಿಗೆ ಹೋದವಳು, ಊಟದ ಪಂಕ್ತಿಯಿಂದ ಎದ್ದು ನೇರ ಅವರ ಸ್ಕೂಲಿಗೆ ನಡೆದೆ. ರೇಷ್ಮೆ ಸೀರೆ, ತಲೆ ತುಂಬ ಮಲ್ಲಿಗೆ, ಮನಸ್ಸಿನಲ್ಲಿ ಕಳ್ಳಿಯ ಅವತಾರ. ಐದನೇ ಕ್ಲಾಸಿನಲ್ಲಿ ಪಾಠ ನಡೆಯುತ್ತಿತ್ತು. ಮಕ್ಕಳೆಲ್ಲ ಮಣೆಗಳ ಮೇಲೆ ಕೂತು, ಚೌಕುಳಿ ಹಾಳೆಯಲ್ಲಿ ಮನೆಗೊಂದು ಅಕ್ಷರದಂತೆ ತಮ್ಮ ತಮ್ಮ ಊರಿನ ಹೆಸರು ಬರೆಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಮೇಷ್ಟ್ರು ಕಣ್ಣು ಕಿರಿದು ಮಾಡಿದರು. ಗುರುತು ಹತ್ತಿತ್ತು, ತುಟಿಯಂಚಿನಲ್ಲಿ ನಗುವಿತ್ತು. ಆದರೂ ಬೇಕೂ ಅಂತಲೇ ಕೇಳಿದರು:

"ಯಾವೂರಮ್ಮ ನಿಂದು?"

ಚೆನ್ನಾಗಿ ಹೇಳಬೇಕು ಅಂದುಕೊಂಡೆ. ಉಸಿರೇ ಇಲ್ಲದ ಕಡೆ ಹಕಾರ ಎಲ್ಲಿಂದ ಬರಬೇಕು?

"ಒಸಳ್ಳಿ ಸಾ."

ಮಕ್ಕಳು ಕಿಸಕ್ಕನೆ ನಕ್ಕವು. ಮೇಷ್ಟ್ರೂ ನಕ್ಕರು. "ಹ ಎಲ್ಲೋಯ್ತು?"

"ನಾನೇ ತೆಗೆದೆ ಸಾ."

ನಗು ನಿಂತಿತು. ಮಕ್ಕಳಿಗೇನು ತಿಳಿಯುತ್ತೆ, ಅವರ ಮುಖ ಒಂದು ಸಲ, ನನ್ನ ಮುಖ ಒಂದು ಸಲ ನೋಡಿದವು. ಮೇಷ್ಟ್ರು ಜೇಬಿನ ಮೇಲೆ ಕೈ ಇಟ್ಟುಕೊಂಡರು, ರಬ್ಬರು ಇದೆಯೋ ಇಲ್ಲವೋ ಅಂತ ನೋಡಿಕೊಳ್ಳೋರ ಹಾಗೆ.

"ಸರಿಯಾಗ್ ಏಳ್ದೆ" ಅಂದರು. "ಕೂತ್ಕೋ."

ಮುಂದಿನ ಸಾಲಿನಲ್ಲಿ ಒಂದು ಹುಡುಗಿ ಸರಿದು ಜಾಗ ಮಾಡಿಕೊಟ್ಟಿತು. ನಾನು ರೇಷ್ಮೆ ಸೀರೆಯಲ್ಲೇ ಮಣೆ ಮೇಲೆ ಕೂತೆ.